ಟ್ಯಾಂಕರ್ ಗಾಜಿನದ್ದಾಗಿದ್ರೆ ಓವರ್‌ಟೇಕ್ ಮಾಡ್ಬಹುದಿತ್ತಾ?

ಹೋದ ತಿಂಗಳು ಪುತ್ತೂರಿಂದ ಬೆಂಗಳೂರಿಗೆ ವಾಪಸ್ ಬರ್ತಾ ಗುಂಡ್ಯ ದಾಟಿ ಸ್ವಲ್ಪ ಹೊತ್ತಿಗೇ ಒಂದು ಬುಲೆಟ್ ಟ್ಯಾಂಕರ್ ಹಿಂದೆ ಸಿಕ್ಕಾಕೊಂಡೆ. ಗ್ಯಾಸ್ ತುಂಬ್ಕೊಂಡು ಘಾಟಿ ಹತ್ತೋ ಟ್ಯಾಂಕರ್, ಸ್ಪೀಡು ಹೆಚ್ಚಂದ್ರೆ 25. ಶಿರಾಡೀಲಿ ಓಡಾಡಿದವರಿಗೆ ಬಿಡಿಸಿ ಹೇಳೋದು ಬೇಡ. ಮುಂದೆ ಕಾಣೋದು ಆ ಟ್ಯಾಂಕಿನ ಗುಂಡು ಬೆನ್ನು ಮಾತ್ರ, ಅರ್ಧ ಗಂಟೆ ಅದನ್ನೇ ನೋಡ್ತಾ ನೋಡ್ತಾ ಅದರ ಮೇಲಿರೋ ಕೆಂಪು ಅಕ್ಷರ ಎಲ್ಲಾ ಬಾಯಿಪಾಠ ಆಗೋಗಿತ್ತು.

ಪಕ್ಕದ ಸೀಟಲ್ಲಿ ಅಪ್ಪ. ಎಡಕ್ಕೆ ತಿರುವು ಬಂದಾಗ ಎಡಗಡೆ ಕೂತವರಿಗೆ ಟ್ಯಾಂಕರಿನ ಪಕ್ಕದಿಂದ ಮುಂದಿನ ರೋಡು ಒಂಚೂರು ಕಾಣುತ್ತೆ, ಸ್ಟೇರಿಂಗ್ ಹಿಡ್ಕೊಂಡು ಬಲಗಡೆ ಕೂತ ನಂಗೆ ಏನೂ ಕಾಣಲ್ಲ. ಹಂಗಾಗಿ ಅಪ್ಪಂದು ಲೈವ್ ಕಾಮೆಂಟರಿ. "ಈಗ ಖಾಲಿ ಉಂಟು ನೋಡು, ಹೋಗು" ಅಂತಾರೆ, ನಾನು ಗೇರ್ ಇಳಿಸಿ ಮೂತಿ ಹೊರಗೆ ಹಾಕೋ ಅಷ್ಟರಲ್ಲಿ "ಬೇಡ ಬೇಡ ಬೇಡ, ಬಸ್ಸು ಬಂತು ಮಾರಾಯ, ಎಂತ ಅವಸರ ನಿಂಗೆ!" ಅವಸರ ನಂದಂತೆ!

ಕೊನೆಗೆ ದಾರಿ ಬಿಟ್ಟಿದ್ದು ಟ್ಯಾಂಕರಿನ ಕ್ಲೀನರ್. ಕಿಟಕಿಯಿಂದ ಕೈ ಹೊರಗೆ ಹಾಕಿ ಎರಡು ಸಲ ಬಾ ಬಾ ಅಂತ ಬೀಸಿದ, ನಾನೂ ಹಿಂದೆ ಇದ್ದ ಇನ್ನೂ ಮೂರು ಕಾರಿನವರೂ ಆ ಕೈಯನ್ನ ನಂಬಿ ಹೋಗೇಬಿಟ್ವಿ. ಸಕಲೇಶಪುರದಲ್ಲಿ ಕಾಫಿ ಕುಡೀತಾ ಕೂತಾಗ ಇದೇ ತಲೇಲಿ ಕೊರೀತಿತ್ತು. ಮುಖ ಕೂಡ ಕಾಣದ ಒಬ್ಬ ಹುಡುಗನ ಕೈ ನೋಡ್ಕೊಂಡು ನಾವು ನಾಲ್ಕು ಕಾರಿನವರು ಎದುರುಗಡೆ ಲೇನಿಗೆ ನುಗ್ಗಿದ್ವಲ್ಲ! ಅದೂ ಕೈ ಆದ್ರೆ ಪರವಾಗಿಲ್ಲ, ಇಂಡಿಕೇಟರ್ ಆದ್ರೆ ಇನ್ನೂ ಕಷ್ಟ. ಒಬ್ಬ ಡ್ರೈವರ್ ಬಲಗಡೆ ಇಂಡಿಕೇಟರ್ ಹಾಕಿದ್ರೆ "ಬಲಗಡೆಯಿಂದ ಹೋಗು" ಅಂತ ಅರ್ಥ, ಇನ್ನೊಬ್ಬ ಹಾಕಿದ್ರೆ "ನಾನೇ ಬಲಕ್ಕೆ ಬರ್ತಿದೀನಿ, ಸಾಯ್ಬೇಡ" ಅಂತ ಅರ್ಥ. ಒಂದೇ ಲೈಟು, ತದ್ವಿರುದ್ಧ ಎರಡು ಅರ್ಥ.

ಬೆಂಗಳೂರಿಗೆ ಬಂದ್ಮೇಲೆ ರಾತ್ರಿ ಎಲ್ಲಾ ಕೂತು ಹುಡುಕಿದ್ದು ಇದನ್ನೇ, ಮುಂದಿನ ಗಾಡಿಯನ್ನ ಪಾರದರ್ಶಕ ಮಾಡೋಕೆ ಯಾರಾದ್ರೂ ಟ್ರೈ ಮಾಡಿದಾರಾ ಅಂತ. ಮಾಡಿದಾರೆ, ಸುಮಾರು ಜನ ಮಾಡಿದಾರೆ.

2015ರಲ್ಲಿ ಸ್ಯಾಮ್‌ಸಂಗ್‌ನವರು ಅರ್ಜೆಂಟೀನಾದಲ್ಲಿ ಒಂದು ಲಾರಿ ಮಾಡಿ ತೋರಿಸಿದ್ರು, ಸೇಫ್ಟಿ ಟ್ರಕ್ ಅಂತ ಹೆಸರು. ಲಾರಿ ಮೂತೀಲಿ ಒಂದು ವೈರ್‌ಲೆಸ್ ಕ್ಯಾಮೆರಾ, ಹಿಂದುಗಡೆ ಬಾಗಿಲ ಮೇಲೆ ನಾಲ್ಕು ಸ್ಕ್ರೀನ್ ಜೋಡಿಸಿ ಮಾಡಿದ ಒಂದು ದೊಡ್ಡ ಟೀವಿ. ಹಿಂದೆ ಬರೋನಿಗೆ ಲಾರಿ ಮುಂದಿನ ರೋಡು ಆ ಟೀವೀಲಿ ಕಾಣುತ್ತೆ, ರಾತ್ರಿ ಕೂಡ. ಅಲ್ಲೂ ನಮ್ಮ ಹಾಗೇ ಎರಡೇ ಲೇನಿನ ಉದ್ದುದ್ದ ಹೈವೇಗಳು, ಓವರ್‌ಟೇಕ್ ಮಾಡೋಕೆ ಹೋಗಿ ಎದುರುಬದುರು ಗುದ್ದೋದೇ ದೊಡ್ಡ ಸಮಸ್ಯೆ. ವಿಡಿಯೋ ಆಗ ವೈರಲ್ ಆಗಿತ್ತು, ನಮ್ಮ ಆಫೀಸ್ ಗ್ರೂಪಲ್ಲೂ ಬಂದಿತ್ತು, ನಾನೂ ಸೂಪರ್ ಅಂತ ಹೆಬ್ಬೆರಳು ಒತ್ತಿ ಮರ್ತಿದ್ದೆ.

ಈಗ ಮತ್ತೆ ನೋಡಿದಾಗ ಶಿರಾಡಿಯ ಲೆಕ್ಕ ಹಾಕಿದೆ. ಟ್ಯಾಂಕರ್ 25ರಲ್ಲಿ ಹೋಗ್ತಿದೆ, ನಾನು 45ರಲ್ಲಿ ಅದನ್ನ ದಾಟ್ತೀನಿ ಅಂದ್ಕೊಳ್ಳಿ. ಟ್ಯಾಂಕರಿನ ಉದ್ದ, ನನ್ನ ಕಾರಿನ ಉದ್ದ, ಹಿಂದೆ ಮುಂದೆ ಬಿಡೋ ಗ್ಯಾಪ್ ಎಲ್ಲಾ ಸೇರಿ ಸುಮಾರು 42 ಮೀಟರ್ ನಾನು ಅದಕ್ಕಿಂತ ಜಾಸ್ತಿ ಓಡ್ಬೇಕು. ಅದಕ್ಕೆ ಏಳೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು 94 ಮೀಟರ್ ಹೋಗಿರ್ತೀನಿ, ಎದುರಿಂದ 60ರಲ್ಲಿ ಇಳ್ಕೊಂಡು ಬರೋ ಬಸ್ಸು 125 ಮೀಟರ್ ಬಂದಿರುತ್ತೆ. ಅಂದ್ರೆ ಹೊರಗೆ ಬರೋ ಹೊತ್ತಿಗೆ ಮುಂದೆ ಕಡಿಮೆ ಅಂದ್ರೂ 220 ಮೀಟರ್ ಖಾಲಿ ಇರ್ಬೇಕು. ಆ ಘಾಟೀಲಿ ಒಂದು ತಿರುವಿಂದ ಇನ್ನೊಂದು ತಿರುವಿಗೆ ಎಷ್ಟೋ ಕಡೆ 100 ಮೀಟರ್ ಕೂಡ ಇಲ್ಲ. ಟ್ಯಾಂಕರನ್ನ ಗಾಜು ಮಾಡಬಹುದು ಸ್ವಾಮಿ, ಗುಡ್ಡವನ್ನ ಯಾರು ಗಾಜು ಮಾಡೋದು? ಇನ್ನೂ ಕೆಟ್ಟದ್ದೇನಂದ್ರೆ ಆ ಟೀವೀಲಿ ಖಾಲಿ ರೋಡು ಕಂಡ್ರೆ, ಆ ಖಾಲಿ ಬರೀ 80 ಮೀಟರಿಂದು ಅಂತ ತಲೆಗೆ ಹೊಳಿಯಲ್ಲ, ಖಾಲಿ ಅಂದ್ರೆ ಖಾಲಿ ಅಂತ ಕಾಲು ತಾನಾಗೇ ಎಕ್ಸಿಲೇಟರ್ ಒತ್ತುತ್ತೆ. ನಾನಂತೂ ಒತ್ತಿರ್ತಿದ್ದೆ.

ಮರುಭೂಮಿ ತರ ನೇರ ರೋಡಲ್ಲಿ ಇದು ಕೆಲಸ ಮಾಡುತ್ತೆ, ಇಲ್ಲ ಅಂತಿಲ್ಲ. ಹಿರಿಯೂರು ಕಡೆ ರಾಜ್ಯ ಹೆದ್ದಾರೀಲಿ ಇದ್ರೆ ಖಂಡಿತ ಉಪಯೋಗ ಇದೆ.

ಪೋರ್ಚುಗಲ್ಲಿನ ಪೋರ್ಟೋ ಯೂನಿವರ್ಸಿಟೀಲಿ ಮಿಶೆಲ್ ಫೆರೇರಾ ಅನ್ನೋರ ತಂಡ 2010ರಲ್ಲೇ ಇದನ್ನ ಬೇರೆ ದಾರೀಲಿ ಮಾಡಿತ್ತು, ಸೀ-ಥ್ರೂ ಸಿಸ್ಟಮ್ ಅಂತ. ಲಾರಿ ಹಿಂದೆ ಟೀವಿ ಇಲ್ಲ, ಲಾರಿಯ ಕ್ಯಾಮೆರಾ ಏನು ನೋಡುತ್ತೋ ಅದು ರೇಡಿಯೋ ಮೂಲಕ ಹಿಂದಿನ ಕಾರಿಗೇ ಬರುತ್ತೆ. ಆಮೇಲೆ ಅದನ್ನೇ ಬೆಳೆಸಿ ಕಾರಿನವನ ಕಣ್ಣಿಗೆ ಲಾರಿಯ ಬೆನ್ನ ಮೇಲೇ ಆ ವಿಡಿಯೋ ಅಂಟಿಸಿದ ಹಾಗೆ ತೋರಿಸಿದ್ರು, ಲಾರಿಗೆ ತೂತು ಕೊರೆದ ಹಾಗೆ. ಓವರ್‌ಟೇಕ್ ಮಾಡೋ ಯೋಚನೆ ಇರೋನಿಗೆ ಮಾತ್ರ ಕಾಣುತ್ತೆ, ಉಳಿದವರಿಗೆ ಟೀವಿ ಕಾಟ ಇಲ್ಲ. ಇದು ನಂಗೆ ಇಷ್ಟ ಆಯ್ತು. ಆದ್ರೆ ಇಲ್ಲೇ ಒಂದು ಗಂಟು ಇದೆ, ತಡ. ಕ್ಯಾಮೆರಾ ಹಿಡೀಬೇಕು, ವಿಡಿಯೋ ಕುಗ್ಗಿಸಬೇಕು, ಗಾಳೀಲಿ ಕಳಿಸಬೇಕು, ಇಲ್ಲಿ ಬಿಚ್ಚಿ ತೋರಿಸಬೇಕು. ಇದಕ್ಕೆಲ್ಲಾ 200 ಮಿಲಿಸೆಕೆಂಡ್ ಹಿಡೀತು ಅಂತಿಟ್ಕೊಳ್ಳಿ, ಹೆಚ್ಚೂ ಕಡಿಮೆ ಒಂದು ಸಲ ಕಣ್ಣು ಮಿಟುಕಿಸೋ ಅಷ್ಟು ಹೊತ್ತು. ನಾನು 80, ಎದುರಿನವನು 80 ಅಂದ್ರೆ ಅಷ್ಟರಲ್ಲೇ ನಮ್ಮಿಬ್ಬರ ನಡುವಿನ ಅಂತರ ಹತ್ತಿರಹತ್ತಿರ 9 ಮೀಟರ್ ಕಮ್ಮಿ ಆಗಿರುತ್ತೆ. ನನ್ನ ಸ್ಕ್ರೀನಲ್ಲಿ ಅವನು ಇನ್ನೂ ಅಲ್ಲೇ ಇದಾನೆ, ನಿಜವಾಗ್ಲೂ ಎರಡು ಕಾರಿನುದ್ದ ಹತ್ರ ಬಂದಿದಾನೆ. ಅಪ್ಪನ "ಈಗ ಖಾಲಿ ಉಂಟು" ಕೂಡ ಇದೇ ಜಾತಿ, ಅವರು ನೋಡಿ ಹೇಳಿ ನಾನು ಕೇಳಿ ಕಾಲು ಒತ್ತೋ ಹೊತ್ತಿಗೆ ಆ "ಈಗ" ಹಳೇದಾಗಿರುತ್ತೆ. ವ್ಯತ್ಯಾಸ ಏನಂದ್ರೆ ಅಪ್ಪನ ಮಾತು ಹಳೇದು ಅಂತ ನಂಗೆ ಗೊತ್ತಿರುತ್ತೆ, ಕಣ್ಣಿಗೆ ಕಾಣೋದು ಹಳೇದಿರಬಹುದು ಅಂತ ಯಾರಿಗೂ ಅನ್ಸಲ್ಲ.

ಕ್ಯಾಮೆರಾ ತೋರಿಸೋದನ್ನ ಕಣ್ಣು ಎಷ್ಟು ನಂಬಿಬಿಡುತ್ತೆ ಅಂತ ಸರಿಯಾಗಿ ಅರ್ಥ ಆಗಿದ್ದು ಒಂದು ಲೋಟ ಕಾಫಿಯಿಂದ. ಭಾವ ಕ್ವೆಸ್ಟ್ 3 ಹೆಡ್‌ಸೆಟ್ ತಂದಿದ್ದಾರೆ, ಕಣ್ಣು ಪೂರ್ತಿ ಮುಚ್ಚೋ ಹಾಗೆ ತಲೆಗೆ ಹಾಕ್ಕೊಳ್ಳೋ ಸ್ಕ್ರೀನು, 2023ರಲ್ಲಿ ಬಂತಲ್ಲ, ಹೊರಗಿನ ಕ್ಯಾಮೆರಾದಿಂದ ರೂಮೆಲ್ಲಾ ಕಲರ್‌ನಲ್ಲಿ ಕಾಣೋದು. ಹಾಕ್ಕೊಂಡು ಓಡಾಡಿದೆ, ಬಾಗ್ಲು ದಾಟಿದೆ, ಅಕ್ಕನ ಜೊತೆ ಮಾತಾಡಿದೆ, ಎಲ್ಲಾ ಚೆನ್ನಾಗೇ ಇತ್ತು. ಅಕ್ಕ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಲು. ಕೈಗೆ ತಗೊಂಡು ತುಟಿಗೆ ತಂದ್ರೆ ಲೋಟ ನಾನಂದ್ಕೊಂಡಿದ್ದಕ್ಕಿಂತ ಮುಂಚೇನೇ ಬಂದು ಹೆಡ್‌ಸೆಟ್ಟಿನ ಅಂಚಿಗೆ ಟಣ್ ಅಂತ ಹೊಡೀತು, ಅರ್ಧ ಕಾಫಿ ಶರ್ಟ್ ಮೇಲೆ. ಭಾವಂಗೆ ಹೆಡ್‌ಸೆಟ್ ಚಿಂತೆ, ಅಕ್ಕಂಗೆ ಸೋಫಾ ಚಿಂತೆ, ನಂಗೆ ಸುಟ್ಟಿದ್ದು ಯಾರಿಗೂ ಬೇಡ. ಕಾರಣ ಸಿಂಪಲ್ಲು, ಕ್ಯಾಮೆರಾ ಇರೋ ಜಾಗ ಬೇರೆ, ಕಣ್ಣಿರೋ ಜಾಗ ಬೇರೆ. ಒಳಗಿರೋ ಕಂಪ್ಯೂಟರ್ ಆ ವ್ಯತ್ಯಾಸವನ್ನ ಲೆಕ್ಕ ಹಾಕಿ ಚಿತ್ರವನ್ನ ಎಳೆದು ಜಗ್ಗಿ ಸರಿ ಮಾಡುತ್ತೆ, ದೂರ ಇರೋದಕ್ಕೆ ಅದು ಸರಿ ಹೋಗುತ್ತೆ, ಮೂತಿ ಹತ್ರ ಬಂದಿದ್ದಕ್ಕೆ ಎಡವುತ್ತೆ. ಆಪಲ್‌ನವರು ತಮ್ಮ ಹೆಡ್‌ಸೆಟ್ ವಿಷನ್ ಪ್ರೋದಲ್ಲಿ 12 ಮಿಲಿಸೆಕೆಂಡಲ್ಲಿ ಚಿತ್ರ ಕಣ್ಣಿಗೆ ಬರುತ್ತೆ ಅಂತಾರೆ, ಅದಕ್ಕೆ ಅಂತಾನೇ ಬೇರೆ ಚಿಪ್ ಇಟ್ಟಿದಾರೆ, ಸರಿ ಒಪ್ಪೋಣ. ಆದ್ರೆ 2024ರಲ್ಲಿ ಅದು ಬಂದ ಕೂಡ್ಲೇ ಅಮೆರಿಕಾದಲ್ಲಿ ಅದನ್ನ ತಲೆಗೆ ಹಾಕ್ಕೊಂಡೇ ಕಾರಲ್ಲಿ ಡ್ರೈವರ್ ಸೀಟಲ್ಲಿ ಕೂತವರ ವಿಡಿಯೋಗಳು ಬಂದ್ವು, ಅಲ್ಲಿನ ಆಗಿನ ಸಾರಿಗೆ ಮಂತ್ರಿ ಪೀಟ್ ಬುಟಿಜೆಜ್ ಅವರೇ ಬುದ್ಧಿ ಹೇಳ್ಬೇಕಾಯ್ತು. ಕಾಫಿ ಲೋಟದ್ದೇ ಅಂದಾಜು ಸಿಗ್ತಿಲ್ಲ ನಂಗೆ, ಇವರು ಹೈವೇಗೆ ಹೋಗಿದಾರೆ.

ಸರಿ, ಲಾರಿ ವಿಷಯ ಬಿಡಿ. ದಿನಾ ನಮ್ಮ ಕಣ್ಣಿಗೆ ಅಡ್ಡ ಬರೋದು ಲಾರಿ ಅಲ್ಲ, ನಮ್ಮದೇ ಕಾರಿನ ಕಂಬ. ಮುಂದಿನ ಗಾಜಿನ ಎರಡೂ ಪಕ್ಕ ಇರುತ್ತಲ್ಲ, ಎ-ಪಿಲ್ಲರ್ ಅಂತಾರೆ. ಎರಡು ವರ್ಷದ ಹಿಂದೆ ನಮ್ಮ ಲೇಔಟಿನ ಸರ್ಕಲ್‌ನಲ್ಲಿ ಬಲಕ್ಕೆ ತಿರುಗ್ತಿದ್ದೆ, ನಿಧಾನಕ್ಕೇ ತಿರುಗ್ತಿದ್ದೆ, ಎರಡೂ ಕಡೆ ನೋಡಿದೀನಿ, ಆಣೆ ಮಾಡಿ ಹೇಳ್ತೀನಿ. ಆ ಕಂಬದ ಹಿಂದಿಂದ ಒಂದು ಸ್ಕೂಟರ್, ಮೇಲೆ ಗಂಡ ಹೆಂಡ್ತಿ, ಮುಂದೆ ನಿಂತ್ಕೊಂಡು ಒಂದು ಮಗು, ಭೂಮಿಯಿಂದ ಎದ್ದ ಹಾಗೆ ಬಂದ್ರು. ಬ್ರೇಕ್ ಹಾಕಿದೆ, ಅವರೂ ಹಾಕಿದ್ರು, ಒಂದು ಗೇಣು ಅಂತರದಲ್ಲಿ ನಿಂತ್ವಿ. ಅವರು ಬೈದ್ರು. ಬೈಯಲೇಬೇಕು. "ಕಣ್ಣ್ ಕಾಣ್ಸಲ್ವೇನ್ರೀ?" ಅಂದ್ರು. ನಿಜ ಹೇಳ್ಬೇಕಂದ್ರೆ ಕಾಣಿಸ್ಲಿಲ್ಲ.

ಮನೆಗೆ ಬಂದು ಕೈ ನಡುಕ ನಿಂತ್ಮೇಲೆ ಟೇಪ್ ತಗೊಂಡು ಅಳೆದೆ. ಕಂಬದ ಅಗಲ 10 ಸೆಂಟಿಮೀಟರ್, ನನ್ನ ಕಣ್ಣಿಂದ ಅದಕ್ಕಿರೋ ದೂರ 70. ಒಂದೇ ಕಣ್ಣಲ್ಲಿ ನೋಡಿದ್ರೆ 20 ಮೀಟರ್ ಆಚೆ ಅದು ಹೆಚ್ಚೂ ಕಡಿಮೆ 3 ಮೀಟರ್ ಜಾಗ ಮುಚ್ಚುತ್ತೆ. ಪುಣ್ಯಕ್ಕೆ ನಮಗೆ ಎರಡು ಕಣ್ಣು, ನಡುವೆ ಆರೂವರೆ ಸೆಂಟಿಮೀಟರ್ ಅಂತರ, ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತೆ, ಹಂಗಾಗಿ ಎರಡಕ್ಕೂ ಕಾಣದ ಜಾಗ ಸುಮಾರು 1 ಮೀಟರಿಗೆ ಇಳಿಯುತ್ತೆ. ಎದುರಿಗೆ ಬರೋ ಸ್ಕೂಟರಿನ ಅಗಲ ಅದಕ್ಕಿಂತ ಕಮ್ಮಿ, ಪೂರ್ತಿ ಮಾಯ. ಇದೇ ಲೆಕ್ಕದಲ್ಲಿ ಕಂಬ ಆರೂವರೆಗಿಂತ ಸಣ್ಣ ಇದ್ದಿದ್ರೆ ಅದು ಏನನ್ನೂ ಪೂರ್ತಿ ಮುಚ್ತಾನೇ ಇರ್ಲಿಲ್ಲ. ಹಳೇ ಪದ್ಮಿನಿ ಕಾರಲ್ಲಿ ಕೂತವರಿಗೆ ನೆನಪಿರಬಹುದು, ಕಡ್ಡಿ ತರ ಕಂಬ, ಸುತ್ತ ಎಲ್ಲಾ ಬಯಲು. ಈಗಿನ ಕಂಬ ದಪ್ಪ ಆಗಿದ್ದೂ ನಮ್ಮ ಒಳ್ಳೇದಕ್ಕೇ ಅನ್ನೋದೇ ತಮಾಷೆ, ಗಾಡಿ ಪಲ್ಟಿ ಹೊಡೆದ್ರೆ ಚಾವಣಿ ಕುಸೀಬಾರದು ಅಂತ, ಒಳಗೆ ಏರ್‌ಬ್ಯಾಗ್ ಬೇರೆ ಇರುತ್ತೆ. ಒಳಗಿರೋನನ್ನ ಕಾಪಾಡೋಕೆ ಹೋಗಿ ಹೊರಗಿರೋನನ್ನ ಮುಚ್ಚಿದ್ರು.

ಒಂದು ಕ್ಷಣ ಮುಚ್ಚಿದ್ರೆ ಏನಾಗುತ್ತೆ, ಆಮೇಲೆ ಹೊರಗೆ ಬರಲ್ವಾ ಅಂತ ನಾನೂ ಅಂದ್ಕೊಂಡಿದ್ದೆ. ಬರಲ್ಲ, ಅದೇ ಭಯಂಕರ. ನಾನೂ ಸ್ಕೂಟರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ತಲುಪೋ ಹಾಗೆ ಹೋಗ್ತಿದ್ರೆ, ನನ್ನ ಕಣ್ಣಿಗೆ ಆ ಸ್ಕೂಟರ್ ಇರೋ ದಿಕ್ಕು ಬದಲಾಗೋದೇ ಇಲ್ಲ, ಕೊನೇವರೆಗೂ ಕಂಬದ ಹಿಂದೇನೇ ಇರುತ್ತೆ. ಹಡಗಿನವರಿಗೆ ಇದು ಹಳೇ ಪಾಠ, ಇನ್ನೊಂದು ಹಡಗು ಕದಲದೆ ಒಂದೇ ದಿಕ್ಕಲ್ಲಿ ಕಾಣ್ತಾ ದೊಡ್ಡದಾಗ್ತಾ ಇದ್ರೆ ಡಿಕ್ಕಿ ಆಗುತ್ತೆ ಅಂತಾನೇ ಲೆಕ್ಕ. ಅಂದ್ರೆ ಗುದ್ದೋ ಗಾಡಿಯನ್ನೇ ಆರಿಸಿ ಆರಿಸಿ ಮುಚ್ಚೋ ಕಂಬ ಇದು.

ಈ ಕಂಬಕ್ಕೆ ಒಂದು ಪರಿಹಾರ ಮಾಡಿದ್ದು ಯಾರು ಗೊತ್ತಾ, ಅಮೆರಿಕಾದ ಪೆನ್ಸಿಲ್ವೇನಿಯಾದ 14 ವರ್ಷದ ಹುಡುಗಿ, ಅಲೇನಾ ಗ್ಯಾಸ್ಲರ್ ಅಂತ. ಅವಳ ಅಮ್ಮಂಗೆ ತಮ್ಮ ಕಾರಿನ ದಪ್ಪ ಕಂಬ ಇಷ್ಟ ಇರ್ಲಿಲ್ಲ. ಇವಳು ಕಂಬದ ಹೊರಗೆ ಒಂದು ವೆಬ್‌ಕ್ಯಾಮ್ ಅಂಟಿಸಿ, ಒಳಗೆ ತಲೆ ಮೇಲ್ಗಡೆ ಒಂದು ಪ್ರೊಜೆಕ್ಟರ್ ಇಟ್ಟು, ಹೊರಗಿನ ಚಿತ್ರ ಕಂಬದ ಮೇಲೇ ಬೀಳೋ ಹಾಗೆ ಮಾಡಿದ್ಲು. 2019ರಲ್ಲಿ ಬ್ರಾಡ್‌ಕಾಮ್ ಮಾಸ್ಟರ್ಸ್ ಅನ್ನೋ ಸ್ಕೂಲ್ ಮಕ್ಕಳ ಸೈನ್ಸ್ ಸ್ಪರ್ಧೇಲಿ 25,000 ಡಾಲರ್ ಮೊದಲ ಬಹುಮಾನ ಬಂತು. ಇಲ್ಲಿ ಜಾಣತನ ಇರೋದು ಕಂಬಕ್ಕೆ ಸುತ್ತಿದ ಬಟ್ಟೇಲಿ. ಮಾಮೂಲಿ ಬಟ್ಟೆ ಆದ್ರೆ ಪ್ರೊಜೆಕ್ಟರ್ ಬೆಳಕು ಎಲ್ಲಾ ಕಡೆ ಚೆಲ್ಲಿ ಹಗಲಲ್ಲಿ ಏನೂ ಕಾಣಲ್ಲ, ಇದು ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸೋ ಬಟ್ಟೆ. ಪ್ರೊಜೆಕ್ಟರ್ ತಲೆ ಹತ್ರ ಇರೋದ್ರಿಂದ ಡ್ರೈವರ್ ಕಣ್ಣಿಗೆ ಚಿತ್ರ ಬರುತ್ತೆ, ಪಕ್ಕದವರಿಗೆ ಏನೂ ತೊಂದ್ರೆ ಇಲ್ಲ. ನಾವು ಲಾರಿ ಹಿಂದೆ, ಸೈಕಲ್ ಮಡ್‌ಗಾರ್ಡ್ ಮೇಲೆ ಅಂಟಿಸೋ ರೇಡಿಯಂ ಸ್ಟಿಕ್ಕರ್ ಇದೆಯಲ್ಲ (ಅದ್ರಲ್ಲಿ ರೇಡಿಯಂ ಏನೂ ಇಲ್ಲ, ಹೆಸರು ಮಾತ್ರ), ಅದೇ ವಿದ್ಯೆ. ಜಪಾನಿನ ಸುಸುಮು ತಾಚಿ ಅನ್ನೋ ಪ್ರೊಫೆಸರ್ ಇದೇ ತತ್ವದ ಮೇಲೆ ಮಾಯ ಆಗೋ ಕೋಟು ಮಾಡಿ ತೋರಿಸಿದ್ದು 2003ರ ಸುಮಾರಿಗೆ, ಆಮೇಲೆ 2012ರಲ್ಲಿ ಕೇಯೋ ಯೂನಿವರ್ಸಿಟಿಯವರು ಒಂದು ಪ್ರಿಯಸ್ ಕಾರಿನ ಹಿಂದಿನ ಸೀಟನ್ನೇ ಪಾರದರ್ಶಕ ಮಾಡಿದ್ರು, ರಿವರ್ಸ್ ತಗೊಳ್ಳೋವಾಗ ತಿರುಗಿ ನೋಡಿದ್ರೆ ಸೀಟಿನ ಮೂಲಕ ಹಿಂದಿನ ರೋಡು ಕಾಣೋ ಹಾಗೆ.

ದೊಡ್ಡ ಕಂಪನಿಗಳೂ ಬಿಟ್ಟಿಲ್ಲ. ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ 2014ರಲ್ಲಿ ಕಂಬಗಳ ಒಳಗೆಲ್ಲಾ ಸ್ಕ್ರೀನ್ ಇರೋ ಐಡಿಯಾ ತೋರಿಸ್ತು. ಅದು ಇನ್ನೂ ಶೋರೂಮಿಗೆ ಬಂದಿದ್ದು ನಾನು ನೋಡಿಲ್ಲ, ಆದ್ರೆ ಅದೇ ವರ್ಷ ತೋರಿಸಿದ್ದ ಪಾರದರ್ಶಕ ಬಾನೆಟ್ ನಿಜವಾಗ್ಲೂ ಬಂತು, ಎರಡನೇ ತಲೆಮಾರಿನ ಇವೋಕ್ ಕಾರಲ್ಲಿ. ಸ್ಕ್ರೀನ್ ನೋಡಿದ್ರೆ ಬಾನೆಟ್ಟೇ ಇಲ್ಲದ ಹಾಗೆ ಮುಂದಿನ ಚಕ್ರದ ಹತ್ರದ ಕಲ್ಲು ಗುಂಡಿ ಎಲ್ಲಾ ಕಾಣುತ್ತೆ. ಹೆಂಗೆ, ಕಾರಿನ ಕೆಳಗೆ ಕ್ಯಾಮೆರಾ ಇದೆಯಾ? ಇಲ್ಲ. ಮುಂದಿನ ಕ್ಯಾಮೆರಾ ಒಂದು ಕ್ಷಣ ಮುಂಚೆ ಆ ನೆಲದ ಚಿತ್ರ ತೆಗೆದಿಟ್ಕೊಂಡಿರುತ್ತೆ, ಕಾರು ಅದರ ಮೇಲೆ ಬಂದಾಗ ಅದನ್ನ ತೋರಿಸುತ್ತೆ. ಕಲ್ಲು ಓಡಾಡಲ್ಲ, ಸರಿ ಹೋಗುತ್ತೆ. ನಮ್ಮ ಬೀದಿ ನಾಯಿ ಓಡಾಡುತ್ತೆ. ಕ್ಯಾಮೆರಾ ದಾಟಿದ ಮೇಲೆ ಪಕ್ಕದಿಂದ ನುಗ್ಗಿ ಚಕ್ರದ ಮುಂದೆ ಬಂದು ಕೂತ್ರೆ, ಸ್ಕ್ರೀನಲ್ಲಿ ಅದೇ ಖಾಲಿ ನೆಲ.

ದುಡ್ಡಿನ ಮುಖ ನೋಡ್ದೆ ಮಾಡಿದ್ರೆ ಏನಾಗುತ್ತೆ ಅಂತ ನೋಡೋಕೆ ಯಲಹಂಕಕ್ಕೆ ಹೋಗ್ಬೇಕು. 2023ರ ಏರೋ ಇಂಡಿಯಾಗೆ ಮೊದಲ ಸಲ ಅಮೆರಿಕಾದ ಎಫ್-35 ಯುದ್ಧವಿಮಾನ ಬಂದಿತ್ತು, ಬಿಸಿಲಲ್ಲಿ ನಿಂತು ನೋಡಿದವರಲ್ಲಿ ನಾನೂ ಒಬ್ಬ. ಅದರ ಮೈ ಸುತ್ತ ಆರು ಇನ್ಫ್ರಾರೆಡ್ ಕ್ಯಾಮೆರಾ, ಅವುಗಳ ಚಿತ್ರ ಹೆಲ್ಮೆಟ್ಟಿನ ಗಾಜಿನ ಮೇಲೆ ಬರುತ್ತೆ, ಪೈಲಟ್ ತಲೆ ಬಗ್ಗಿಸಿದ್ರೆ ಕಾಲು ಕಾಣಲ್ಲ, ವಿಮಾನದ ತಳ ದಾಟಿ ಕೆಳಗಿನ ನೆಲ ಕಾಣುತ್ತೆ. ಹೆಲ್ಮೆಟ್ ಒಂದಕ್ಕೇ ಸುಮಾರು 4 ಲಕ್ಷ ಡಾಲರ್, ಒಬ್ಬೊಬ್ಬ ಪೈಲಟ್ ತಲೆಗೂ ಅಳತೆ ತಗೊಂಡು ಹೊಂದಿಸ್ತಾರೆ. ಅಷ್ಟು ಸುರಿದ್ರೂ ಶುರೂಲಿ ಇವರಿಗೂ ಅದೇ ತೊಂದ್ರೆ, ಚಿತ್ರ ತಡ, ಚಿತ್ರ ನಡುಗೋದು, ರಾತ್ರಿ ಹಸಿರು ಹೊಳಪು. ಸರಿ ಮಾಡೋಕೆ ವರ್ಷಗಟ್ಟಲೆ ಹಿಡೀತು. ಕಾಫಿ ಲೋಟದ ಸಮಸ್ಯೆ ಯಾರನ್ನೂ ಬಿಡಲ್ಲ ಅಂತ ಸ್ವಲ್ಪ ಸಮಾಧಾನ ಆಯ್ತು.

ಇಷ್ಟೆಲ್ಲಾ ಓದಿದ ಮೇಲೆ ನಂಗೆ ಹಿಡಿಸಿದ್ದು ಗಾಜಿನ ಹಾಗೆ ನಟಿಸದೇ ಇರೋ ಐಟಂಗಳು. ಕ್ಯಾಲಿಫೋರ್ನಿಯಾದ ಕ್ವೇಕ್ ಟೆಕ್ನಾಲಜೀಸ್ ಅಗ್ನಿಶಾಮಕದವರಿಗೆ ಅಂತ ಸೀ-ಥ್ರೂ ಅನ್ನೋದನ್ನ ಮಾಡಿದೆ (ಪೋರ್ಟೋದವರದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎಲ್ಲರಿಗೂ ಇದೇ ಹೆಸರು ಬೇಕು). ಹೊಗೆ ತುಂಬಿದ ಮನೇಲಿ ಹೆಲ್ಮೆಟ್ಟಿನ ಥರ್ಮಲ್ ಕ್ಯಾಮೆರಾ ನೋಡಿ, ಬಾಗಿಲು, ಕಿಟಕಿ, ಬಿದ್ದಿರೋ ಮನುಷ್ಯ, ಇವುಗಳ ಅಂಚನ್ನ ಮಾತ್ರ ಗೆರೆ ಎಳೆದು ಕಣ್ಣ ಮುಂದೆ ತೋರಿಸುತ್ತೆ. ರಂಗೋಲಿ ತರ. ನೋಡೋನಿಗೆ ಇದು ಗೆರೆ, ನಿಜವಾದ ಬಾಗಿಲಲ್ಲ ಅಂತ ಪ್ರತಿ ಕ್ಷಣ ಗೊತ್ತಿರುತ್ತೆ, ಕೈ ಚಾಚಿ ಮುಟ್ಟಿ ನೋಡೇ ಹೋಗ್ತಾನೆ. ಇನ್ನೊಂದು ನಮ್ಮ ರೈಲ್ವೆಯ ಫಾಗ್‌ಪಾಸ್. ಉತ್ತರದ ಕಡೆ ಚಳಿಗಾಲದಲ್ಲಿ ಮಂಜು ಮುಸುಕಿದ್ರೆ ಲೋಕೋ ಪೈಲಟ್‌ಗೆ ಸಿಗ್ನಲ್ ಹತ್ರ ಬರೋವರೆಗೂ ಕಾಣಲ್ಲ, ಈ ಡಬ್ಬಿ ಜಿಪಿಎಸ್ ನೋಡ್ಕೊಂಡು ಮುಂದಿನ ಸಿಗ್ನಲ್ ಇನ್ನೆಷ್ಟು ದೂರ ಅಂತ ಹೇಳುತ್ತೆ, ಅಷ್ಟೇ. ಸಿಗ್ನಲ್ ಕೆಂಪೋ ಹಸಿರೋ ಅಂತ ಹೇಳೋ ಕೆಲಸಕ್ಕೆ ಅದು ಹೋಗಲ್ಲ, ಅದನ್ನ ಪೈಲಟ್ ಕಣ್ಣಾರೆ ನೋಡ್ಬೇಕು. ಮಂಜನ್ನ ಮಾಯ ಮಾಡಲ್ಲ, ಎಲ್ಲಿ ಕಣ್ಣಿಡ್ಬೇಕು ಅಂತ ಹೇಳುತ್ತೆ.

ಶಿರಾಡೀಲಿ ನಂಗೆ ಬೇಕಿರೋದು ಇಂಥದ್ದೇ. ಟ್ಯಾಂಕರ್ ಮೂಲಕ ಸಿನಿಮಾ ತೋರಿಸೋದು ಬೇಡ, ಎದುರಿಂದ ಗಾಡಿ ಬರ್ತಿದ್ರೆ ಗಾಜಿನ ಮೇಲೆ ಒಂದು ಕೆಂಪು ಗೆರೆ ಬರ್ಲಿ. ಬರ್ತಿಲ್ಲ ಅಂದ್ರೆ ಏನೂ ತೋರಿಸ್ಬೇಡ, ಹಸಿರು ಅಂತೂ ಕೊಡ್ಲೇಬೇಡ. ಮುಂದಿನ ತಿರುವಿನ ಆಚೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಫೋನಲ್ಲಿ ಇದನ್ನ ಅಪ್ಪಂಗೆ ವಿವರಿಸಿದೆ. ಪೂರ್ತಿ ಕೇಳಿ "ಅದನ್ನೇ ಅಲ್ವಾ ನಾನು ಬೇಡ ಬೇಡ ಅಂತ ಹೇಳಿದ್ದು" ಅಂದ್ರು. ಹೋಗು ಹೋಗು ಅಂದಿದ್ದು ಅವರಿಗೆ ನೆನಪೇ ಇಲ್ಲ.

ಕಂಬದ ವಿಷಯಕ್ಕೆ ಸದ್ಯಕ್ಕೆ ನನ್ನ ಹತ್ರ ಪ್ರೊಜೆಕ್ಟರೂ ಇಲ್ಲ ರೇಡಿಯಂ ಬಟ್ಟೆನೂ ಇಲ್ಲ. ಸರ್ಕಲ್ ಬಂತಂದ್ರೆ ಸೀಟಲ್ಲೇ ಮುಂದೆ ಬಾಗ್ತೀನಿ, ಹಿಂದೆ ಸರೀತೀನಿ, ಮತ್ತೆ ಕತ್ತು ಮುಂದೆ ಚಾಚ್ತೀನಿ, ಕಂಬದ ಹಿಂದೆ ಇರೋದು ಆಗ ಹೊರಗೆ ಬರುತ್ತೆ. ಒಂದು ರೂಪಾಯಿ ಖರ್ಚಿಲ್ಲ, ತಡ ಇಲ್ಲ. ನೋಡೋಕೆ ಮಾತ್ರ ಅಸಹ್ಯ. ಮೊನ್ನೆ ಸಿಗ್ನಲ್ ಇಲ್ಲದ ಜಂಕ್ಷನ್ನಲ್ಲಿ ಹಿಂಗೇ ಕತ್ತು ಹಿಂದೆ ಮುಂದೆ ಮಾಡ್ತಿರ್ಬೇಕಾದ್ರೆ ಹಿಂದಿನ ಸೀಟಿಂದ ಮಗಳು ಕೊಕ್ಕೊಕ್ಕೊಕ್ಕೋ ಅಂದ್ಲು, ಪಕ್ಕದಲ್ಲಿದ್ದ ಆಟೋದವನೂ ನಕ್ಕ.